ವಿದ್ಯೆ ಯಾರ ಸೊತ್ತು? ಕಲ್ಯಾಣದಿಂದ ಕಮ್ಮಿಂಗ್‌ವರೆಗೆ



ಕಾರ್ಯಕಾರಿ ಸಮಿತಿಯವರು ನಮಗೆ ಒಪ್ಪಿಸಿದ ವಿಷಯ 'ವ್ಯಕ್ತಿ ಮತ್ತು ಸಮುದಾಯ: ಮಕ್ಕಳ ಪಾಲನೆಯಲ್ಲಿ ಪೂರ್ವ ಪಶ್ಚಿಮಗಳ ದೃಷ್ಟಿ' ಎಂಬುದು. ಇಂಥ ವಿಷಯದ ಮೇಲೆ ಮಾತನಾಡಲು ನಿಂತವರು ವಾಡಿಕೆಯಾಗಿ ಏನು ಹೇಳುತ್ತಾರೆಂಬುದನ್ನು ತಾವೆಲ್ಲ ಬಲ್ಲಿರಿ. ನಮ್ಮದು ಕೂಡಿ ಬಾಳುವ ಸಂಸ್ಕೃತಿ, ಇಲ್ಲಿಯವರದು ಒಂಟಿಯಾಗಿ ಬಾಳುವ ಸಂಸ್ಕೃತಿ. ಅಲ್ಲಿ 'ನಾವು', ಇಲ್ಲಿ 'ನಾನು'. ನಮ್ಮ ಮಕ್ಕಳು ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ. ಇದಕ್ಕೆ ಅಂಕಿಅಂಶಗಳ ಬೆಂಬಲವನ್ನೂ ಕೊಡುವುದುಂಟು. ಹಾಲೆಂಡಿನ ವಿದ್ವಾಂಸ ಗೇರ್ಟ್ ಹಾಫ್‌ಸ್ಟೀಡ್ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವ್ಯಕ್ತಿವಾದದ ಅಳತೆಯಲ್ಲಿ ಅಮೆರಿಕಕ್ಕೆ 91 ಅಂಕ ಸಿಕ್ಕಿ ಮೊದಲ ಸ್ಥಾನ ದೊರಕಿತು. ಭಾರತಕ್ಕೆ ಬಂದದ್ದು 48. ಎಂದರೆ ಸರಿಸುಮಾರು ನಡುಮಧ್ಯ. ಅವರು ಪ್ರಶ್ನಿಸಿದ್ದು ಐಬಿಎಂ ಕಂಪೆನಿಯ ನೌಕರರನ್ನೇ ಹೊರತು ನಮ್ಮ ಹಳ್ಳಿಯ ಅಜ್ಜಂದಿರನ್ನಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ನಾವು ಈ ಅಳತೆಗೋಲನ್ನು ಬದಿಗಿಟ್ಟು, ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಚರಿತ್ರೆಯೊಳಗೆ ಹೋಗಲು ಬಯಸುತ್ತೇವೆ. ಮಗುವೊಂದು ಕಲಿತ ವಿದ್ಯೆ ಯಾರ ಸೊತ್ತು? ಅದು ಕಲಿತವನದೋ, ಕಲಿಸಲು ಖರ್ಚು ಮಾಡಿದ ತಂದೆತಾಯಿಯರದೋ, ಅಥವಾ ಅವನನ್ನು ಹೊತ್ತು ಸಾಕಿದ ಸಮಾಜದ್ದೋ? ನಮ್ಮ ಮನೆಗಳಲ್ಲಿ ಮಕ್ಕಳೊಡನೆ ನಡೆಯುವ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಪ್ರಶ್ನೆಯವೇ ಎಂದು ನಮಗೆ ತೋರುತ್ತದೆ. ಮಗಳು ವೈದ್ಯಕೀಯ ಬಿಟ್ಟು ಸಂಗೀತ ಓದುತ್ತೇನೆಂದಾಗ, ಮಗ ದೂರದ ಊರಿನಲ್ಲಿ ಕೆಲಸ ಹಿಡಿದು ಹಬ್ಬಕ್ಕೂ ಬಾರದಿದ್ದಾಗ, ನಮ್ಮ ಬಾಯಿಂದ ಹೊರಡುವ ಮೊದಲ ಮಾತು 'ನಿನಗಾಗಿ ನಾವು ಎಷ್ಟು ಮಾಡಿದೆವು' ಎಂಬುದೇ ಅಲ್ಲವೇ? ಇದು ಪ್ರೀತಿಯ ಮಾತು ಹೌದು. ಲೆಕ್ಕದ ಮಾತೂ ಹೌದು. ಈ ಲೆಕ್ಕದ ಚರಿತ್ರೆ ಬಹಳ ಹಳೆಯದು. ಸ್ವಾರಸ್ಯವೆಂದರೆ ಅದು ಬೆಳೆದು ಬಂದ ಮುಖ್ಯ ಸ್ಥಳಗಳಲ್ಲೊಂದು ನಮ್ಮ ಕನ್ನಡ ನೆಲದಲ್ಲೇ ಇದೆ.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿತ್ತು. 1076ರಿಂದ 1126ರವರೆಗೆ ಆಳಿದ ಆ ದೊರೆಯ ಆಶ್ರಯದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಗ್ರಂಥದ ಕೊನೆಯಲ್ಲಿ ಅವನು ತನ್ನ ಕಲ್ಯಾಣ ನಗರವನ್ನೂ ಅರಸನನ್ನೂ ಮನಸಾರೆ ಹೊಗಳಿದ್ದಾನೆ. ಬಂಗಾಳದ ಕಡೆ 'ದಾಯಭಾಗ'ವೆಂಬ ಬೇರೊಂದು ಗ್ರಂಥ ಪ್ರಮಾಣವಾಯಿತು. ಭಾರತದ ಉಳಿದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿವ್ಯವಹಾರವು ಈ ಮಿತಾಕ್ಷರಾದ ಆಧಾರದ ಮೇಲೆಯೇ ನಡೆದುಬಂದಿತು. ಭಾರತದಲ್ಲಿ ಈಗಲೂ ತೆರಿಗೆ ಲೆಕ್ಕ ಸಲ್ಲಿಸುವವರಿಗೆ 'ಹಿಂದೂ ಅವಿಭಕ್ತ ಕುಟುಂಬ' ಎಂಬ ಹೆಸರು ಅಪರಿಚಿತವೇನೂ ಅಲ್ಲ. ಅದರ ಬೇರು ಇಲ್ಲಿದೆ.

ವಿಜ್ಞಾನೇಶ್ವರನು ಹೇಳಿದ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಸಂಬಂಧಪಟ್ಟವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಒಂದು. ತಂದೆ ಸತ್ತ ಮೇಲೆ ದೊರೆಯುವ ದಾನವಲ್ಲ ಅದು. ತೊಟ್ಟಿಲಲ್ಲಿರುವ ಕೂಸೂ ತಂದೆಯೊಡನೆ ಸಮಪಾಲಿನ ಒಡೆಯ. ತಂದೆಯು ಮನಸ್ಸಿಗೆ ಬಂದಂತೆ ಹಿರಿಯರ ಹೊಲವನ್ನು ಮಾರಿ ಕೈತೊಳೆದುಕೊಳ್ಳುವಂತಿರಲಿಲ್ಲ. ಕೂಡುಕುಟುಂಬವೆಂದರೆ ಮಕ್ಕಳಿಗೆ ಬಾಯಿಯೇ ಇಲ್ಲದ ವ್ಯವಸ್ಥೆ ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಹೆಣ್ಣುಮಕ್ಕಳಿಗೆ ಈ ಜನ್ಮಸಿದ್ಧ ಹಕ್ಕು ಇರಲಿಲ್ಲವೆಂಬುದೂ ಅಷ್ಟೇ ನಿಜ. ಮೈಸೂರು ಸಂಸ್ಥಾನವು 1933ರ ಕಾನೂನಿನ ಮೂಲಕ ತಾಯಿಗೂ ಅವಿವಾಹಿತ ಪುತ್ರಿಯರಿಗೂ ಪಾಲಿನ ಸಮಯದಲ್ಲಿ ಒಂದು ಭಾಗವನ್ನು ಕೊಟ್ಟಿತು. ಕರ್ನಾಟಕ ರಾಜ್ಯವು 1994ರಲ್ಲಿ, ಇಡೀ ದೇಶವು 2005ರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕನ್ನು ಒಪ್ಪಿದವು. ವಿಜ್ಞಾನೇಶ್ವರನಿಂದ ಅಲ್ಲಿಗೆ ಒಂಬೈನೂರು ವರ್ಷ.

ಎರಡನೆಯದು ವಿದ್ಯಾಧನದ ವಿಚಾರ. ವಿದ್ಯೆಯಿಂದ ಗಳಿಸಿದ ಹಣವನ್ನು ಅಣ್ಣತಮ್ಮಂದಿರಿಗೆ ಹಂಚಬೇಕಾಗಿಲ್ಲವೆಂದು ಸ್ಮೃತಿ ಹೇಳುತ್ತದೆ. ಆದರೆ ತಂದೆಯ ಸೊತ್ತಿಗೆ ಕುಂದು ಬಾರದಂತೆ ಗಳಿಸಿದ್ದಾದರೆ ಮಾತ್ರ ಎಂಬ ಷರತ್ತು ಅದಕ್ಕೂ ಅನ್ವಯಿಸುತ್ತದೆಂದು ವಿಜ್ಞಾನೇಶ್ವರನು ಅರ್ಥೈಸಿದನು. ಮನೆಯ ಅನ್ನ ಉಂಡು, ಮನೆಯ ಹಣದಲ್ಲಿ ಕಲಿತವನ ಗಳಿಕೆಯಲ್ಲಿ ಮನೆಗೆ ಪಾಲುಂಟು ಎಂಬುದು ಅದರ ತಾತ್ಪರ್ಯ. ಹೊಲ ಉಳುವ ಅಣ್ಣನ ಬೆವರಿನಿಂದ ತಮ್ಮ ಓದಿದ್ದಾನೆ. ತಮ್ಮನ ಸಂಬಳದಲ್ಲಿ ಅಣ್ಣನಿಗೂ ಭಾಗವಿರಲಿ ಎಂಬ ಈ ನ್ಯಾಯವನ್ನು ಅನ್ಯಾಯವೆನ್ನುವುದು ಸುಲಭವಲ್ಲ.

ಬ್ರಿಟಿಷರ ಕಾಲದಲ್ಲಿ ಈ ಸೂತ್ರವು ಕೋರ್ಟಿನ ಮೆಟ್ಟಿಲೇರಿತು. ವಕೀಲರು, ಮುನಸೀಫರು, ಡಾಕ್ಟರರು ಎಂಬ ಹೊಸ ವರ್ಗವೊಂದು ಹುಟ್ಟಿತ್ತು. ಅವರ ಸಂಪಾದನೆ ಹೊಲದ ಉತ್ಪತ್ತಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ನ್ಯಾಯಾಧೀಶರು ಒಂದು ಗೆರೆ ಎಳೆದರು: ಸಾಮಾನ್ಯ ಶಾಲಾವಿದ್ಯೆಯನ್ನು ಎಲ್ಲ ತಂದೆಯರೂ ಕೊಡಿಸುತ್ತಾರೆ, ಅದರ ಗಳಿಕೆ ಅವನದೇ, ವಿಶೇಷ ವೃತ್ತಿಶಿಕ್ಷಣವನ್ನು ಕುಟುಂಬದ ಹಣದಿಂದ ಪಡೆದಿದ್ದರೆ ಗಳಿಕೆ ಕುಟುಂಬದ್ದು. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗೋಕುಲ್ ಚಂದ್ ಮತ್ತು ಹುಕುಂ ಚಂದ್ ಎಂಬವರ ವ್ಯಾಜ್ಯದಲ್ಲಿ, ಕುಟುಂಬದ ಖರ್ಚಿನಲ್ಲಿ ಓದಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದವನ ಗಳಿಕೆಯು ಅವಿಭಕ್ತ ಕುಟುಂಬದ ಸೊತ್ತೇ ಎಂದು ತೀರ್ಪಿತ್ತಿತು. ಅಂದಿನ ಭಾರತದಲ್ಲಿ ಅದಕ್ಕಿಂತ ದೊಡ್ಡ ಉದ್ಯೋಗವಿರಲಿಲ್ಲ. ಕಲ್ಯಾಣದ ಪಂಡಿತನ ವಾಕ್ಯವೊಂದು ಎಂಟುನೂರು ವರ್ಷಗಳ ಅನಂತರ ಲಂಡನ್ನಿನಲ್ಲಿ ಒಬ್ಬ ಅಧಿಕಾರಿಯ ಸಂಬಳದ ಮೇಲೆ ಕೈಯಿಟ್ಟಿತೆಂದರೆ ತಪ್ಪಾಗದು.

ಸುಶಿಕ್ಷಿತರು ಸುಮ್ಮನಿರಲಿಲ್ಲ. ಎಂ. ಆರ್. ಜಯಕರ್ ಅವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯು 1930ರ ಜುಲೈ ತಿಂಗಳಲ್ಲಿ 'ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್' ಎಂಬ ಹೆಸರಿನಿಂದ ಕಾನೂನಾಯಿತು. ಕುಟುಂಬದವರು ಕಲಿಸಿದರೂ, ಕುಟುಂಬದ ಹಣದಿಂದ ಕಲಿತರೂ, ಕಲಿಯುವಾಗ ಅವನ ಹೆಂಡತಿ ಮಕ್ಕಳನ್ನು ಕುಟುಂಬವೇ ಸಾಕಿದ್ದರೂ, ವಿದ್ಯೆಯ ಗಳಿಕೆ ಕಲಿತವನೊಬ್ಬನದೇ ಎಂದು ಅದು ಸಾರಿತು. ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರುಗಳು ಬ್ರಿಟಿಷ್ ಭಾರತದಲ್ಲಿದ್ದುದರಿಂದ ಅಲ್ಲಿಯ ಕನ್ನಡಿಗರಿಗೂ ಇದು ಅನ್ವಯಿಸಿತು. ಈ ಕಾನೂನನ್ನು ಅಮೆರಿಕನ್ನರು ನಮ್ಮ ಮೇಲೆ ಹೇರಲಿಲ್ಲ, ಮಿಷನರಿಗಳೂ ತರಲಿಲ್ಲ. ಸಂಸ್ಕೃತ ಬಲ್ಲ ಹಿಂದೂ ವಕೀಲರೇ ಕೇಳಿ ಪಡೆದರು. 'ನನ್ನ ಓದು ನನ್ನದು' ಎಂಬ ಮಾತನ್ನು ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಕಲಿತು ಬಂದರೆಂದು ಬೇಸರಪಡುವವರು, ಅದು ನಮ್ಮ ಅಜ್ಜಂದಿರ ಕಾಲದ ಮಾತೆಂಬುದನ್ನು ಮರೆಯುತ್ತಾರೆ.

ಆದರೆ ಈ ಕಾನೂನು ಅರ್ಧ ಲೆಕ್ಕವನ್ನು ಮಾತ್ರ ನೋಡಿತು. ವಿದ್ಯಾರ್ಥಿಯ ಹಿಂದೆ ತಂದೆಯ ಹಣವೊಂದೇ ಇರುವುದೆಂದು ಅದು ತಿಳಿಯಿತು. ಕರ್ನಾಟಕದಲ್ಲಿ ವಾಸ್ತವ ಹಾಗಿರಲಿಲ್ಲ. ವಾರಾನ್ನವನ್ನು ನೆನೆಯಿರಿ. ಹಳ್ಳಿಯ ಬಡ ಹುಡುಗನು ಹೈಸ್ಕೂಲಿಗೆಂದು ಪೇಟೆಗೆ ಬಂದು, ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಊಟ. ಐದೇ ಮನೆ ಸಿಕ್ಕಿದರೆ ಎರಡು ದಿನ ಉಪವಾಸ, ಇಲ್ಲವೇ ಹಿಡಿ ಅವಲಕ್ಕಿ. ಬಡಿಸಿದ ಗೃಹಿಣಿಗೆ ಆ ಹುಡುಗನು ಮುಂದೆ ಏನಾಗುವನೆಂಬ ಲೆಕ್ಕವಿರಲಿಲ್ಲ. ನಮ್ಮಲ್ಲಿ ಹಲವರ ತಂದೆಯರೋ ಅಜ್ಜಂದಿರೋ ಹೀಗೆ ಓದಿದವರು. ಆ ಅನ್ನದಾತರು ಯಾವ ನ್ಯಾಯಾಲಯಕ್ಕೂ ಹೋಗಿ ಪಾಲು ಕೇಳಲಿಲ್ಲ.

ವಾರಾನ್ನವು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆಗಳಲ್ಲಿ ದೊರೆತದ್ದು ಎಂಬುದನ್ನೂ ಹೇಳಬೇಕು. ಉಳಿದವರು ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನವನ್ನೂ ಅಕ್ಷರವನ್ನೂ ನಡೆಸಿಕೊಂಡು ಬಂದರು. ಸಮುದಾಯವು ಮಗುವನ್ನು ಬೆಳೆಸಿತು ಎಂಬ ಮಾತು ಇಲ್ಲೆಲ್ಲ ಅಕ್ಷರಶಃ ಸತ್ಯ. ಬಹುಪಾಲು ಕಡೆಗಳಲ್ಲಿ ಆ ಸಮುದಾಯಕ್ಕೆ ಬೇಲಿ ಇದ್ದುದೂ ಅಷ್ಟೇ ಸತ್ಯ.

ಬೇಲಿಯ ಹೊರಗಿದ್ದವರಿಗೆ ಏನಾಯಿತು? ಡಾ. ಅಂಬೇಡ್ಕರರನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಇದೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಾಗಿತ್ತು. ವಿದ್ಯೆಯ ಋಣವನ್ನು ತೀರಿಸಲೆಂದು 1917ರಲ್ಲಿ ಬರೋಡಕ್ಕೆ ಬಂದ ಆ ವಿದ್ವಾಂಸನಿಗೆ ಇಡೀ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಋಣ ಕೇಳಿದ ಸಮಾಜವೇ ನೆಲೆ ಕೊಡಲಿಲ್ಲ. ಮುಂದೆ 1948ರ ನವೆಂಬರಿನಲ್ಲಿ ಅವರು ಸಂವಿಧಾನದ ಕರಡನ್ನು ಮಂಡಿಸುತ್ತ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದಕ್ಕೆ ತಮಗೆ ಸಂತೋಷವಿದೆಯೆಂದರು. ಆ ಮಾತಿನ ಹಿಂದೆ ಬರೋಡದ ಆ ದಿನಗಳೂ ಇದ್ದವೆಂದು ನಾವು ನಂಬುತ್ತೇವೆ.

ಇಷ್ಟು ಹೇಳಿದ ಮೇಲೆ ನಾವು ವಾಸಿಸುವ ಈ ಊರಿನ ಕಡೆ ತಿರುಗಬಹುದು. ಕಮ್ಮಿಂಗ್ ಪಟ್ಟಣವೂ ಫಾರ್ಸೈತ್ ಕೌಂಟಿಯೂ ಇಂದು ಅಟ್ಲಾಂಟಾದ ಉತ್ತರದ ಸಂಪನ್ನ ಬಡಾವಣೆಗಳು. 1990ರಲ್ಲಿ ಕೌಂಟಿಯ ಜನಸಂಖ್ಯೆ 44,083 ಇದ್ದದ್ದು 2020ರ ವೇಳೆಗೆ 2,51,283 ಆಯಿತು. ಆರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು. ಒಳ್ಳೆಯ ಶಾಲೆಗಳಿವೆ ಎಂಬ ಕಾರಣಕ್ಕೇ ನಮ್ಮವರು ಇಲ್ಲಿ ಮನೆ ಕೊಂಡರು. ಹೀಗೆ ಬಂದವರಲ್ಲಿ ಎಷ್ಟೋ ಮಂದಿಗೆ ಈ ನೆಲದ ಹಿಂದಿನ ಕಥೆ ಗೊತ್ತಿಲ್ಲ.

1910ರ ಜನಗಣತಿಯಂತೆ ಇಲ್ಲಿ ಸುಮಾರು ಹನ್ನೆರಡು ಸಾವಿರ ಜನರಿದ್ದರು. ಅವರಲ್ಲಿ 1,098 ಮಂದಿ ಕಪ್ಪು ಜನರು. ಅವರಲ್ಲಿ ಸ್ವಂತ ಹೊಲವುಳ್ಳ ರೈತರಿದ್ದರು, ಅವರವೇ ಚರ್ಚುಗಳಿದ್ದವು. 1912ರ ಸೆಪ್ಟೆಂಬರಿನಲ್ಲಿ ಬಿಳಿಯ ತರುಣಿಯೊಬ್ಬಳು ಕಾಡಿನಲ್ಲಿ ಮಾರಣಾಂತಿಕವಾಗಿ ಗಾಯಗೊಂಡು ಬಿದ್ದಿದ್ದಳು; ಕೆಲವು ದಿನಗಳ ಅನಂತರ ತೀರಿಕೊಂಡಳು. ಆಪಾದಿತರಲ್ಲೊಬ್ಬನಾದ ರಾಬ್ ಎಡ್ವರ್ಡ್ಸ್ ಎಂಬವನನ್ನು ಜನರ ಗುಂಪು ಕಮ್ಮಿಂಗ್ ಜೈಲಿನಿಂದ ಎಳೆದು ಕೊಂದು ಊರ ಚೌಕದಲ್ಲಿ ತೂಗಹಾಕಿತು. ಇನ್ನಿಬ್ಬರು ಹದಿಹರೆಯದ ಹುಡುಗರನ್ನು ಅವಸರದ ವಿಚಾರಣೆಯ ಅನಂತರ ಅಕ್ಟೋಬರ್ 25ರಂದು ಸಾವಿರಾರು ಪ್ರೇಕ್ಷಕರ ಎದುರಿನಲ್ಲಿ ಗಲ್ಲಿಗೇರಿಸಲಾಯಿತು. ಅದೇ ತಿಂಗಳುಗಳಲ್ಲಿ ರಾತ್ರಿ ಕುದುರೆಯೇರಿ ಬಂದವರು ಮನೆಗಳಿಗೆ ಗುಂಡು ಹಾರಿಸಿದರು, ಚರ್ಚುಗಳನ್ನು ಸುಟ್ಟರು. ಹೆಚ್ಚುಕಡಿಮೆ ಎಲ್ಲ ಕಪ್ಪು ಕುಟುಂಬಗಳೂ ಊರು ಬಿಟ್ಟವು. ಹಲವರು ಹೊಲವನ್ನು ಸಿಕ್ಕಿದ ಬೆಲೆಗೆ ಮಾರಿದರು. ಕೆಲವರಿಗೆ ಅದೂ ಸಿಗಲಿಲ್ಲ. ಮುಂದಿನ ಮುಕ್ಕಾಲು ಶತಮಾನ ಈ ಕೌಂಟಿ ಬಿಳಿಯರದಾಗಿಯೇ ಉಳಿಯಿತು.

ಈ ಕೆಲಸವನ್ನು ಮಾಡಿದ್ದು 'ವ್ಯಕ್ತಿವಾದಿ ಅಮೆರಿಕ'ವೇ? ಅಲ್ಲ. ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲ, ಕೊಯ್ಲಿಗೆ ಒಬ್ಬರಿಗೊಬ್ಬರು ಆಗುವ, ಭಾನುವಾರ ಒಂದೇ ಬೆಂಚಿನಲ್ಲಿ ಕೂರುವ ಜನ ಅದನ್ನು ಮಾಡಿದರು. ಒಗ್ಗಟ್ಟು ಅವರಲ್ಲಿ ಧಾರಾಳವಾಗಿತ್ತು. ಕಲ್ಯಾಣದಲ್ಲಿಯೂ, ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಕಥೆಯನ್ನು ನಾವು ಕೇಳಿ ಬಲ್ಲೆವು. ಬೇಲಿ ದಾಟಿದವರಿಗೆ ಆ ಊರು ಕೊಟ್ಟ ಶಿಕ್ಷೆಯನ್ನೂ ಬಲ್ಲೆವು.

ಕಮ್ಮಿಂಗ್‌ನಲ್ಲಿ ಈ ಮೌನವನ್ನು ಮುರಿದದ್ದು ಒಬ್ಬ ವ್ಯಕ್ತಿಯ ಮನಸ್ಸಾಕ್ಷಿ. 1987ರ ಜನವರಿಯಲ್ಲಿ, ಎಪ್ಪತ್ತೈದು ವರ್ಷ ತುಂಬುವ ಸಂದರ್ಭದಲ್ಲಿ, ಇಲ್ಲಿಯ ನಿವಾಸಿ ಚಾರ್ಲ್ಸ್ ಬ್ಲ್ಯಾಕ್‌ಬರ್ನ್ ಎಂಬ ಬಿಳಿಯರೊಬ್ಬರು ಸೋದರತ್ವದ ನಡಿಗೆಯೊಂದನ್ನು ಸೂಚಿಸಿದರು. ಬೆದರಿಕೆಯ ಕರೆಗಳು ಬಂದು ಅವರು ಹಿಂದೆ ಸರಿಯಬೇಕಾಯಿತು; ಬೇರೆಯವರು ಆ ಕೆಲಸವನ್ನು ಕೈಗೆತ್ತಿಕೊಂಡರು. ಜನವರಿ 17ರಂದು ಹೊಸೇಯಾ ವಿಲಿಯಮ್ಸ್ ಅವರ ನೇತೃತ್ವದಲ್ಲಿ ಬಂದ ನೂರಕ್ಕೂ ಕಡಿಮೆ ಜನರ ಮೇಲೆ ನಾನೂರರಷ್ಟು ಮಂದಿ ಕಲ್ಲು ಬಾಟಲಿಗಳನ್ನು ತೂರಿದರು. ಒಂದು ವಾರದ ಅನಂತರ, 24ರಂದು, ನ್ಯಾಷನಲ್ ಗಾರ್ಡ್ ಕಾವಲಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಇದೇ ರಸ್ತೆಗಳಲ್ಲಿ ನಡೆದರು. ನಮಗೆ ಇಲ್ಲಿ ಮನೆ ಕೊಳ್ಳಲು ಸಾಧ್ಯವಾದದ್ದರ ಹಿಂದೆ ಅವರ ನಡಿಗೆಯೂ ಇದೆ. 2021ರಲ್ಲಿ ಊರ ಚೌಕದ ಬಳಿ 1912ರ ಘಟನೆಯನ್ನು ತಿಳಿಸುವ ಫಲಕವನ್ನು ನಿಲ್ಲಿಸಲಾಯಿತು. ಮರುವರ್ಷ ಇಲ್ಲಿಯ ಕೆಲವು ಪಾದ್ರಿಗಳು ಸೇರಿ, ಓಡಿಸಲ್ಪಟ್ಟವರ ವಂಶದ ಮಕ್ಕಳಿಗೆ ಕಾಲೇಜು ವಿದ್ಯಾರ್ಥಿವೇತನವನ್ನು ಆರಂಭಿಸಿದರು. ಶಿರಸಂಗಿಯ ದೇಸಾಯರಿಗೂ ಈ ಪಾದ್ರಿಗಳಿಗೂ ಸಂಬಂಧವಿಲ್ಲ. ಋಣವನ್ನು ವಿದ್ಯೆಯ ರೂಪದಲ್ಲಿ ತೀರಿಸಬೇಕೆಂಬ ಬುದ್ಧಿ ಮಾತ್ರ ಇಬ್ಬರದೂ ಒಂದೇ.

ಈ ದೇಶದ ಕಾನೂನು ಮಕ್ಕಳ ವಿಷಯದಲ್ಲಿ ವ್ಯಕ್ತಿಯ ಪಕ್ಷವನ್ನು ಹಿಡಿದಿದೆಯೆಂಬುದು ನಿಜ. 1974ರ ಕಾನೂನಿನ ಪ್ರಕಾರ ಹದಿನೆಂಟು ತುಂಬಿದ ಅಥವಾ ಕಾಲೇಜು ಸೇರಿದ ವಿದ್ಯಾರ್ಥಿಯ ಅಂಕಪಟ್ಟಿಯ ಹಕ್ಕು ವಿದ್ಯಾರ್ಥಿಯದು. ಶುಲ್ಕ ಕಟ್ಟುವ ತಂದೆಗೆ ಅದನ್ನು ತೋರಿಸಲೇಬೇಕೆಂಬ ಕಡ್ಡಾಯ ಕಾಲೇಜಿಗಿಲ್ಲ. ವೈದ್ಯರಾದ ನಾವು ಹರೆಯದ ಮಕ್ಕಳನ್ನು ಪರೀಕ್ಷಿಸುವಾಗ ತಂದೆತಾಯಿಯರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಳ್ಳುತ್ತೇವೆ. ನಮ್ಮ ಕನ್ನಡ ತಾಯಂದಿರ ಮುಖದಲ್ಲಿ ಆಗ ಕಾಣುವ ನೋವು ನಮಗೆ ಅರ್ಥವಾಗುತ್ತದೆ. ಆ ಹತ್ತು ನಿಮಿಷಗಳಲ್ಲಿ ಮಕ್ಕಳು ಏನು ಹೇಳುತ್ತಾರೆಂಬುದನ್ನು ನಾವು ಇಲ್ಲಿ ಹೇಳುವಂತಿಲ್ಲ. ಅಮ್ಮ ಅಪ್ಪನಿಗೆ ನಿರಾಸೆಯಾಗುವುದೆಂಬ ಭಯ ಅದರಲ್ಲಿ ಪದೇ ಪದೇ ಬರುತ್ತದೆಂದು ಮಾತ್ರ ಹೇಳಬಹುದು. ತಂದೆತಾಯಿಯರನ್ನು ಬಿಟ್ಟುಹೋಗಬೇಕೆಂಬ ಹಂಬಲ ನಮಗೆ ಅಷ್ಟಾಗಿ ಕೇಳಿಬಂದಿಲ್ಲ.

ಇದೇ ಅಮೆರಿಕವು ವಿದ್ಯೆಯ ಮೇಲೆ ಸಮುದಾಯದ ಹಕ್ಕನ್ನೂ ಒಪ್ಪುತ್ತದೆ. ಜೆ-1 ವೀಸಾದಲ್ಲಿ ರೆಸಿಡೆನ್ಸಿಗೆ ಬಂದ ವೈದ್ಯನು ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮವಿದೆ. ಕಲಿತದ್ದು ಅವನ ದೇಶಕ್ಕೂ ಸಲ್ಲಬೇಕೆಂಬುದೇ ಅದರ ಉದ್ದೇಶ. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಪ್ರಯತ್ನದಿಂದ 1994ರಲ್ಲಿ ಬಂದ ಕಾನೂನು ಇದಕ್ಕೊಂದು ಬಾಗಿಲು ತೆರೆಯಿತು: ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ವಿನಾಯಿತಿ. ಹೀಗೆ ಕರ್ನಾಟಕಕ್ಕೆ ಸಲ್ಲಬೇಕಾಗಿದ್ದ ವರ್ಷಗಳು ಅಮೆರಿಕದ ಹಳ್ಳಿಗಾಡಿಗೆ ಸಂದವು. ನಮ್ಮಲ್ಲಿ ಹಲವರು ಓದಿದ್ದು ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ, ತೆರಿಗೆದಾರರ ಹಣದಲ್ಲಿ. ನಾವು ನಾಡಿ ಹಿಡಿಯಲು, ಹೊಲಿಗೆ ಹಾಕಲು ಕಲಿತದ್ದು ವಿಕ್ಟೋರಿಯಾದಂಥ, ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಗಳ ವಾರ್ಡುಗಳಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಬಡರೋಗಿಗಳ ಮೈಮೇಲೆ. ಅವರ ಪಾಲನ್ನು ಮಿತಾಕ್ಷರಾವೂ ಲೆಕ್ಕಕ್ಕೆ ತರಲಿಲ್ಲ, 1930ರ ಕಾನೂನೂ ತರಲಿಲ್ಲ.

ಹಾಗಾದರೆ ಮಕ್ಕಳಿಂದ ತಂದೆತಾಯಿಯರಿಗೆ ಬರಬೇಕಾದದ್ದು ಏನೂ ಇಲ್ಲವೇ? ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾನೂನು ವೃದ್ಧರಾದ ತಂದೆತಾಯಿಯರನ್ನು ಸಾಕುವ ಹೊಣೆಯನ್ನು ಮಗನ ಮೇಲೂ ಮಗಳ ಮೇಲೂ ಹೊರಿಸಿತು. ಅದು ಸಾಲದೆ ಬಂದು, ಭಾರತದ ಸಂಸತ್ತು 2007ರಲ್ಲಿ ಇನ್ನೊಂದು ಕಾನೂನನ್ನು ಮಾಡಿ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಕೊಡಿಸುವ ಅಧಿಕಾರವನ್ನು ವಿಶೇಷ ನ್ಯಾಯಮಂಡಳಿಗಳಿಗೆ ನೀಡಿತು. ಕೂಡಿ ಬಾಳುವ ಸಂಸ್ಕೃತಿಯೆಂದು ನಾವು ಬೀಗುವ ನಾಡಿನಲ್ಲಿ ಇಂಥ ಕಾನೂನು ಬೇಕಾಯಿತಲ್ಲ ಎಂಬುದನ್ನು ಇಲ್ಲಿ ಮಕ್ಕಳ ಮುಂದೆ ಭಾಷಣ ಮಾಡುವ ಮೊದಲು ಯೋಚಿಸುವುದು ಒಳಿತು. ವೃದ್ಧಾಪ್ಯದ ಆಸರೆಯನ್ನು ಕೇಳುವುದು ಬೇರೆ. ಯಾವ ವಿದ್ಯೆ, ಯಾರೊಡನೆ ಮದುವೆ, ಯಾವ ಊರು ಎಂಬುದರ ಮೇಲೆ ಒಡೆತನ ಕೇಳುವುದು ಬೇರೆ. ಮೊದಲನೆಯದಕ್ಕೆ ಕಲ್ಯಾಣದಲ್ಲಿಯೂ ಆಧಾರವಿದೆ, ಕಮ್ಮಿಂಗ್‌ನಲ್ಲಿಯೂ ಇದೆ. ಎರಡನೆಯದನ್ನು ವಿಜ್ಞಾನೇಶ್ವರನೂ ಕೇಳಿರಲಿಲ್ಲ; ಅವನು ಕೇಳಿದ್ದು ಹಣದಲ್ಲಿ ಪಾಲು, ಅದೂ ಅಣ್ಣತಮ್ಮಂದಿರಿಗೆ.

ನಮ್ಮ ಮಕ್ಕಳಿಗೆ ನಾವು ಹೇಳಬೇಕಾದ ಲೆಕ್ಕ ನಮ್ಮ ಖರ್ಚಿನದಲ್ಲ ಎಂದು ನಮ್ಮ ಅಭಿಪ್ರಾಯ. ಕಾಲೇಜಿಗೆ ಎಷ್ಟು ಡಾಲರು ಕಟ್ಟಿದೆವೆಂಬುದು ಅವರಿಗೆ ಗೊತ್ತು. ನಾವು ಆಗಾಗ ಹೇಳುತ್ತಲೇ ಇರುತ್ತೇವೆ. ಅವರ ಮುತ್ತಜ್ಜನಿಗೆ ಮಂಗಳವಾರ ಅನ್ನವಿಕ್ಕಿದ ಮನೆಯ ಸುದ್ದಿ ಅವರಿಗೆ ಗೊತ್ತಿಲ್ಲ. ತಾವು ಆಡಿ ಬೆಳೆದ ಈ ನೆಲದಿಂದ ಯಾರನ್ನು ಓಡಿಸಲಾಯಿತೆಂಬುದೂ ಹೆಚ್ಚಿನವರಿಗೆ ಗೊತ್ತಿಲ್ಲ. ಸಮಿತಿಯವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬೇಸಗೆಯಲ್ಲಿ ಕನ್ನಡ ಕಲಿ ತರಗತಿಯ ದೊಡ್ಡ ಮಕ್ಕಳನ್ನು ಒಂದು ಶನಿವಾರ ಕಮ್ಮಿಂಗ್ ಚೌಕಕ್ಕೆ ಕರೆದೊಯ್ದು ಆ ಫಲಕವನ್ನು ಅವರೇ ಗಟ್ಟಿಯಾಗಿ ಓದುವಂತೆ ಮಾಡೋಣ. ಅಲ್ಲಿಂದ ಯಾರದಾದರೂ ಮನೆಗೆ ಬಂದು, ಊಟದ ಹೊತ್ತಿಗೆ, ವಾರಾನ್ನದಲ್ಲಿಯೋ ಮಠದ ಪ್ರಸಾದ ನಿಲಯದಲ್ಲಿಯೋ ಸರ್ಕಾರಿ ಹಾಸ್ಟೆಲಿನಲ್ಲಿಯೋ ಓದಿದ ಹಿರಿಯರಿಂದ ಆ ದಿನಗಳ ಕಥೆಯನ್ನು ಕೇಳಿಸೋಣ. ಅಂಥ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಬೇಸಗೆಯಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಬರುವವರೂ ಇದ್ದಾರೆ. ಮಕ್ಕಳು ಪ್ರಶ್ನೆ ಕೇಳಲಿ, ಇಂಗ್ಲಿಷಿನಲ್ಲಿ ಕೇಳಿದರೂ ಚಿಂತೆಯಿಲ್ಲ.